ಕಲ್ಲು ಸಾಗಿಸುವ ಟ್ರಾಲಿ ಹಳಿಗೆ ಉಕ್ಕಿನ ಸ್ಲೀಪರ್: 150 ಚಾನಲ್ ಬೋರಲು ಹಾಕಿದರೆ ಸಾಕೇ?

ಕೋಟೆನಾಡು ಫ್ಯಾಬ್ರಿಕೇಟರ್ (ಚಿತ್ರದುರ್ಗ)
ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಹೊರವಲಯದಲ್ಲಿ ಸಣ್ಣದೊಂದು ಫ್ಯಾಬ್ರಿಕೇಶನ್ ಶೆಡ್ ನಡೆಸುತ್ತಿದ್ದೇನೆ. ಗೇಟು, ಟ್ರಸ್ಸು, ನೀರಿನ ಟ್ಯಾಂಕಿನ ಸ್ಟ್ಯಾಂಡು, ಇಷ್ಟೇ ಇದುವರೆಗಿನ ನನ್ನ ಕೆಲಸ. ಈಗ ಗ್ರಾನೈಟ್ ಪಾಲಿಶ್ ಮಾಡುವ ಒಂದು ಘಟಕದವರು ಕಲ್ಲಿನ ಬ್ಲಾಕುಗಳನ್ನು ಅಂಗಳದಿಂದ ಗರಗಸದ ಶೆಡ್ಡಿಗೆ ಒಯ್ಯಲು 60 ಮೀಟರ್ ಉದ್ದದ ಟ್ರಾಲಿ ಹಳಿ ಹಾಕಿಕೊಡಬೇಕೆಂದು ಕೇಳಿದ್ದಾರೆ. ಹಳೆಯ 60 ಪೌಂಡಿನ (ಗಜಕ್ಕೆ 60 ಪೌಂಡ್ ತೂಗುವ) ಹಳಿಗಳನ್ನು ಅವರೇ ಗುಜರಿಯಿಂದ ತಂದಿಟ್ಟಿದ್ದಾರೆ. ಹಳಿಗಳ ನಡುವಿನ ಅಂತರ 1 ಮೀಟರ್. ದೊಡ್ಡ ಬ್ಲಾಕು 3 ಮೀಟರ್ ಉದ್ದ, 1.8 ಮೀಟರ್ ಅಗಲ, 1.25 ಮೀಟರ್ ಎತ್ತರ ಇರುತ್ತದೆ. ನಾಲ್ಕು ಚಕ್ರದ ಟ್ರಾಲಿಯ ಸ್ವಂತ ತೂಕ 4 ಟನ್. ಎಳೆಯುವುದಕ್ಕೆ ವಿಂಚ್ ಇದೆ.

ಜಾಗ ಲೀಸಿನದು, ಮುಂದೆ ಕಿತ್ತುಕೊಂಡು ಹೋಗಬೇಕಾಗಬಹುದು ಎಂಬ ಕಾರಣಕ್ಕೆ ಕಾಂಕ್ರೀಟ್ ಬೇಡವೆಂದು ಅವರು ಮೊದಲೇ ಹೇಳಿದ್ದಾರೆ. ಹಾಗಾಗಿ ಸ್ಲೀಪರಿಗೆ, ಅಂದರೆ ಹಳಿಗಳ ಕೆಳಗೆ ಅಡ್ಡಲಾಗಿ ಹಾಕುವ ತೊಲೆಗೆ, 150 ಚಾನಲ್ಲನ್ನು (150 ಮಿ.ಮೀ. ಅಗಲದ ಬೆನ್ನು, ಅದರ ಎರಡೂ ಅಂಚಿಗೆ ಒಂದೊಂದು ಕಾಲು ಇರುವ ಉಕ್ಕಿನ ತೊಲೆ) 1.8 ಮೀಟರಿಗೆ ಕತ್ತರಿಸಿ, ಬೆನ್ನು ಮೇಲಾಗಿ ಬೋರಲು ಮಲಗಿಸಿ, 600 ಮಿ.ಮೀ.ಗೆ ಒಂದರಂತೆ ಇಟ್ಟು, ಹಳಿಯನ್ನು ಅದಕ್ಕೇ ವೆಲ್ಡ್ ಮಾಡಿಬಿಡೋಣ ಎಂದುಕೊಂಡಿದ್ದೇನೆ. ಕೆಳಗಿರುವುದು ಎರೆಮಣ್ಣು. ಇದು ತಡೆಯುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಿ.

ಸಿವಿಲ್ ಮೇಷ್ಟ್ರು (ದಾವಣಗೆರೆ)
ಅಳತೆಗಳನ್ನು ಪೂರ್ತಿ ಕೊಟ್ಟಿದ್ದೀರಿ, ಆದ್ದರಿಂದ ಲೆಕ್ಕ ಹಾಕಿಯೇ ಮಾತಾಡೋಣ. ನಿಮ್ಮ ಬ್ಲಾಕಿನ ಗಾತ್ರ 6.75 ಘನ ಮೀಟರ್. ಗ್ರಾನೈಟು ಘನ ಮೀಟರಿಗೆ ಸುಮಾರು 2.7 ಟನ್ ತೂಗುವುದರಿಂದ ಬ್ಲಾಕು 18 ಟನ್, ಟ್ರಾಲಿ ಸೇರಿ 22 ಟನ್. ನಾಲ್ಕು ಚಕ್ರಕ್ಕೆ ಸಮನಾಗಿ ಹಂಚಿದರೆ ಒಂದಕ್ಕೆ 5.5 ಟನ್, ಕುಲುಕಾಟಕ್ಕೆಂದು ಕಾಲು ಭಾಗ ಸೇರಿಸಿದರೆ ಹತ್ತಿರ ಹತ್ತಿರ 7 ಟನ್. ಹಳಿ ಗಟ್ಟಿಯಾಗಿರುವ ಕಾರಣ ಚಕ್ರದ ಭಾರವೆಲ್ಲ ಅದರ ಕೆಳಗಿನ ಒಂದೇ ಸ್ಲೀಪರಿಗೆ ಬೀಳದೆ ಅಕ್ಕಪಕ್ಕದವುಗಳಿಗೂ ಹಂಚಿಹೋಗುತ್ತದೆ. ನೇರ ಕೆಳಗಿನದಕ್ಕೆ ಸುಮಾರು ಅರ್ಧ ಎಂದು ಹಿಡಿಯುವುದು ರೂಢಿ. ಅಂದರೆ ಒಂದೊಂದು ಹಳಿಯ ಕೆಳಗೆ 3.5 ಟನ್, ಇಡೀ ಸ್ಲೀಪರಿನ ಮೇಲೆ 7 ಟನ್.

ಜಲ್ಲಿ ಉದ್ದಕ್ಕೂ ಸಮನಾಗಿ ಆನಿಸಿಕೊಂಡಿದೆ ಎಂದುಕೊಂಡರೆ ಕೆಳಗಿನಿಂದ ಮೀಟರಿಗೆ 3.9 ಟನ್ ಒತ್ತಡ. ಹಳಿಯ ನಡುಗೆರೆಯಿಂದ ಆಚೆ ಚಾಚಿಕೊಂಡಿರುವ ಭಾಗ 37 ಸೆಂ.ಮೀ. ಇರುವುದರಿಂದ ಹಳಿಯ ಕೆಳಗೆ ಬಾಗಿಸುವ ಬಲ ಸುಮಾರು 26,600 ಕೆ.ಜಿ.-ಸೆಂ.ಮೀ. ಇಲ್ಲೊಂದು ಮುಖ್ಯವಾದ ಸಂಗತಿಯಿದೆ. 150 ಚಾನಲ್ಲನ್ನು ನಿಲ್ಲಿಸಿದರೆ ಅದರ ಸೆಕ್ಷನ್ ಮಾಡ್ಯುಲಸ್ (ಬಾಗುವುದನ್ನು ತಡೆಯುವ ಶಕ್ತಿಯ ಅಳತೆ) ಸುಮಾರು 104 ಘನ ಸೆಂ.ಮೀ.; ಬೋರಲು ಮಲಗಿಸಿದರೆ ಅದೇ ಚಾನಲ್ಲಿನದು ಬರೀ 19.4. ಐದರಲ್ಲಿ ನಾಲ್ಕು ಪಾಲು ಶಕ್ತಿ ಮಲಗಿಸಿದ ಮಾತ್ರಕ್ಕೆ ಹೋಗಿಬಿಡುತ್ತದೆ. ಹೀಗಿದ್ದೂ ಭಾಗಿಸಿ ನೋಡಿದರೆ ಚದರ ಸೆಂ.ಮೀ.ಗೆ 1,370 ಕೆ.ಜಿ. ಬರುತ್ತದೆ. ಸಾಮಾನ್ಯ ಉಕ್ಕು 2,500ಕ್ಕೆ ಮಣಿಯುತ್ತದೆ, ನಾವು ಬಳಸಬಹುದಾದದ್ದು 1,650. ಕಾಗದದ ಮೇಲೆ ನಿಮ್ಮ ಯೋಜನೆ ನಿಲ್ಲುತ್ತದೆ.

ಹರಿಹರ ವೆಲ್ಡಿಂಗ್
ಮೇಷ್ಟ್ರೇ ನಿಲ್ಲುತ್ತದೆ ಎಂದ ಮೇಲೆ ಅನುಮಾನವೇಕೆ? 150 ಚಾನಲ್ ಧಾರಾಳವಾಯಿತು. ಕೆಲಸ ಶುರುಮಾಡಿ ಅಣ್ಣಾ.

ಹಳಿಯ ಹಿರಿಯ (ಚಿಕ್ಕಜಾಜೂರು, ರೈಲ್ವೆ ನಿವೃತ್ತ)
ಆತುರ ಬೇಡ. ಮೇಷ್ಟ್ರ ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಅದರಲ್ಲಿ ಒಂದು ನಂಬಿಕೆ ಅಡಗಿದೆ: ಎಲ್ಲ ಸ್ಲೀಪರುಗಳೂ ಒಂದೇ ಸಮನೆ ಕೂತಿವೆ ಎಂಬುದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಳಿಯ ಮೇಲೆ ನಡೆದವನಾಗಿ ಹೇಳುತ್ತೇನೆ, ಅಂಥ ಹಳಿಯನ್ನು ನಾನು ಕಂಡಿಲ್ಲ. ನಮ್ಮ ಭಾಗದಲ್ಲಿ ಮೀಟರ್‌ಗೇಜ್ ಇದ್ದ ಕಾಲದಲ್ಲಿ ನನ್ನ ಪಾಲಿನ ಸೆಕ್ಷನ್ನಿನಲ್ಲಿ ಉಕ್ಕಿನ ತೊಟ್ಟಿ ಸ್ಲೀಪರುಗಳೇ (ಬೋರಲು ಹಾಕಿದ ತೊಟ್ಟಿಯಾಕಾರದವು) ಹೆಚ್ಚಾಗಿದ್ದವು. ಮಳೆಗಾಲ ಕಳೆದ ಮೇಲೆ ಕೋಲಿನ ದಪ್ಪ ತುದಿಯಿಂದ ಒಂದೊಂದನ್ನೂ ಕುಟ್ಟುತ್ತಾ ಹೋಗುತ್ತಿದ್ದೆವು. ಗಟ್ಟಿ ಸದ್ದು ಬಂದರೆ ಕೆಳಗೆ ಜಲ್ಲಿ ತುಂಬಿದೆ ಎಂದು, ಟೊಳ್ಳು ಸದ್ದು ಬಂದರೆ ಸ್ಲೀಪರು ಹಳಿಗೆ ಕಚ್ಚಿಕೊಂಡು ನೇತಾಡುತ್ತಿದೆ ಎಂದು ಅರ್ಥ. ನೇತಾಡುವ ಸ್ಲೀಪರು ಭಾರ ಹೊರುವುದಿಲ್ಲ; ಅದರ ಪಾಲನ್ನು ಪಕ್ಕದ್ದು ಹೊರುತ್ತದೆ, ಕೆಲವು ದಿನಗಳಲ್ಲಿ ಆ ಪಕ್ಕದ್ದೂ ಕುಸಿಯುತ್ತದೆ. ಒಂದು ಸಡಿಲವಾದರೆ ಮೂರು ಸಡಿಲವಾದಂತೆಯೇ ಎಂದು ನಮ್ಮ ಗ್ಯಾಂಗಿನ ಮೇಸ್ತ್ರಿಗಳು ಹೇಳುತ್ತಿದ್ದರು.

ಬೋರಲು ಹಾಕುವ ಸ್ಲೀಪರಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು, ಏಕೆಂದರೆ ಹೊಟ್ಟೆಯೊಳಗೆ ಜಲ್ಲಿ ತುಂಬಿದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಮೇಷ್ಟ್ರು ಒಂದು ಸ್ಲೀಪರು ನೇತಾಡುತ್ತಿದೆ ಎಂದುಕೊಂಡು ಇನ್ನೊಮ್ಮೆ ಲೆಕ್ಕ ಹಾಕಲಿ.

ಸಿವಿಲ್ ಮೇಷ್ಟ್ರು (ದಾವಣಗೆರೆ)
ಹಿರಿಯರ ಆಕ್ಷೇಪ ಸರಿಯಾಗಿದೆ, ಒಪ್ಪಿದೆ. ಪಕ್ಕದ್ದು ಪೂರ್ತಿ ಕೈಕೊಟ್ಟು ಚಕ್ರದ 7 ಟನ್ನೂ ಒಂದೇ ಸ್ಲೀಪರಿನ ಮೇಲೆ ಬಂದರೆ ಬಾಗಿಸುವ ಬಲ ಎರಡರಷ್ಟಾಗಿ 53,300 ಆಗುತ್ತದೆ, 150 ಚಾನಲ್ಲಿನಲ್ಲಿ ಒತ್ತಡ 2,745ಕ್ಕೆ ಏರುತ್ತದೆ. ಅದು ಉಕ್ಕು ಮಣಿಯುವ ಮಿತಿಯನ್ನೇ ದಾಟಿದ ಹಾಗೆ. ಸ್ಲೀಪರು ಒಮ್ಮೆ ಬಾಗಿದರೆ ಹಾಗೆಯೇ ಉಳಿಯುತ್ತದೆ, ಎರಡು ಹಳಿಗಳೂ ಒಳಕ್ಕೋ ಹೊರಕ್ಕೋ ವಾಲುತ್ತವೆ. ಪೂರ್ತಿ 7 ಟನ್ ಎನ್ನುವುದು ತೀರಾ ಕಠಿಣವಾಯಿತು ಎಂದು ಯಾರಾದರೂ ಹೇಳಬಹುದು. 5 ಟನ್ ಎಂದೇ ಇಟ್ಟುಕೊಂಡರೂ 1,960 ಬರುತ್ತದೆ, ಬಳಸಬಹುದಾದ ಮಿತಿಗಿಂತ ಅದೂ ಹೆಚ್ಚು.

200 ಚಾನಲ್ಲನ್ನು ಬೋರಲು ಹಾಕಿದರೆ ಸೆಕ್ಷನ್ ಮಾಡ್ಯುಲಸ್ 32ರ ಮೇಲಿದೆ. 7 ಟನ್ನಿನ ಕಠಿಣ ಸ್ಥಿತಿಯಲ್ಲೂ ಒತ್ತಡ ಸರಿಯಾಗಿ 1,650ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ನನ್ನ ಮೊದಲ ಉತ್ತರವನ್ನು ಹಿಂದಕ್ಕೆ ಪಡೆಯುತ್ತೇನೆ, 200 ಹಾಕಿ.

ಕೋಟೆನಾಡು ಫ್ಯಾಬ್ರಿಕೇಟರ್ (ಚಿತ್ರದುರ್ಗ)
ಸರ್, 600 ಮಿ.ಮೀ.ಗೆ ಒಂದರಂತೆ 101 ಸ್ಲೀಪರ್ ಬೇಕು. 150 ಚಾನಲ್ಲಿನದು ಒಂದಕ್ಕೆ 29.5 ಕೆ.ಜಿ., 200ರದು 40 ಕೆ.ಜಿ. ಒಟ್ಟಾರೆ ಒಂದು ಟನ್ ಉಕ್ಕು ಹೆಚ್ಚುವರಿ. ಕೊಟೇಶನ್ ಆಗಲೇ ಕೊಟ್ಟುಬಿಟ್ಟಿದ್ದೇನೆ. 150 ಚಾನಲ್ಲನ್ನೇ 450 ಮಿ.ಮೀ.ಗೆ ಒಂದರಂತೆ ಹತ್ತಿರ ಹತ್ತಿರ ಹಾಕಿದರೆ ಆಗುವುದಿಲ್ಲವೇ?

ಸಿವಿಲ್ ಮೇಷ್ಟ್ರು (ದಾವಣಗೆರೆ)
ಆಗ 134 ಸ್ಲೀಪರ್ ಬೇಕಾಗುತ್ತದೆ, ಒಟ್ಟು ತೂಕ 3,950 ಕೆ.ಜಿ. 200ರದನ್ನು 600ಕ್ಕೆ ಹಾಕಿದರೆ ಸುಮಾರು 4,020. ಉಳಿತಾಯ ಎಪ್ಪತ್ತು ಕೆ.ಜಿ., ಆದರೆ ಕತ್ತರಿಸುವ, ವೆಲ್ಡ್ ಮಾಡುವ, ಜಲ್ಲಿ ತುಂಬುವ ಕೆಲಸ ಮೂರನೇ ಒಂದು ಭಾಗ ಹೆಚ್ಚು.

ಹಳಿಯ ಹಿರಿಯ (ಚಿಕ್ಕಜಾಜೂರು, ರೈಲ್ವೆ ನಿವೃತ್ತ)
ಜೊತೆಗೆ ಅಷ್ಟು ಹತ್ತಿರ ಹಾಕಿದರೆ ಎರಡು ಸ್ಲೀಪರುಗಳ ನಡುವೆ ಬೀಟರ್ (ಸ್ಲೀಪರಿನ ಕೆಳಗೆ ಜಲ್ಲಿ ಕುಟ್ಟಿ ತುಂಬುವ ಸಲಕರಣೆ) ಬೀಸಲು ಜಾಗವೇ ಸಾಲದು. ಹಾಗೆ ಜಲ್ಲಿ ತುಂಬಿ ಪ್ಯಾಕಿಂಗ್ ಮಾಡಲಾಗದ ಸ್ಲೀಪರು ಎಷ್ಟು ದಪ್ಪವಿದ್ದರೇನು, ಅದು ನೇತಾಡಿಯೇ ತೀರುತ್ತದೆ.

ಎರೆಹೊಲ (ಹೊಸ ಸದಸ್ಯೆ, ದಾವಣಗೆರೆ ತಾಲ್ಲೂಕು)
ನಾನು ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ, ಮನೆಯಲ್ಲಿ ಎರೆಹೊಲವೂ ಇದೆ. ಇಲ್ಲಿ ಎಲ್ಲರೂ ಉಕ್ಕಿನ ಬಗ್ಗೆಯೇ ಮಾತಾಡುತ್ತಿದ್ದೀರಿ, ಆದರೆ ಭಾರ ಕೊನೆಗೆ ಬೀಳುವುದು ಮಣ್ಣಿನ ಮೇಲೆ. ಬೇಸಿಗೆಯಲ್ಲಿ ನಮ್ಮ ಹೊಲದ ಬಿರುಕಿನೊಳಗೆ ಮೊಣಕೈವರೆಗೆ ಕೈ ಇಳಿಯುತ್ತದೆ, ಮಳೆ ಬಿದ್ದ ಮೇಲೆ ಅದೇ ನೆಲ ಉಬ್ಬಿ ಬದುವಿನ ಕಲ್ಲನ್ನೇ ವಾಲಿಸುತ್ತದೆ. ಸ್ಲೀಪರಿನ ಕೆಳಗೆ ಸರಾಸರಿ ಒತ್ತಡ 150ರದರಲ್ಲಿ ಚದರ ಸೆಂ.ಮೀ.ಗೆ 2.6 ಕೆ.ಜಿ., 200ರದರಲ್ಲಿ 1.9 ಕೆ.ಜಿ. ಬರುತ್ತದೆ. ಹಸಿ ಎರೆಮಣ್ಣು 1 ಕೆ.ಜಿ.ಯನ್ನು ಹೊತ್ತರೂ ಹೆಚ್ಚು. ಆದ್ದರಿಂದ ಮೇಲಿನ ಮಣ್ಣನ್ನು ಒಂದೂವರೆ ಎರಡು ಅಡಿ ತೆಗೆದು, ಅಲ್ಲಿ ಗರಸು ತುಂಬಿ, ನೀರು ಹಾಕಿ ಪದರ ಪದರವಾಗಿ ರೋಲರ್ ಹೊಡೆಸಿ, ಅದರ ಮೇಲೆ ಕನಿಷ್ಠ 25 ಸೆಂ.ಮೀ. ಗಟ್ಟಿ ಜಲ್ಲಿ ಹಾಕಬೇಕು. ಅಷ್ಟು ದಪ್ಪ ಇದ್ದರೆ ಒತ್ತಡ ಅಗಲಕ್ಕೆ ಹರಡಿ ಮಣ್ಣನ್ನು ಮುಟ್ಟುವ ಹೊತ್ತಿಗೆ ತಗ್ಗುತ್ತದೆ. ಎರಡೂ ಬದಿಗೆ ಚರಂಡಿ ಇಲ್ಲದಿದ್ದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ. ಗರಗಸದ ಶೆಡ್ಡಿನಿಂದ ಕಲ್ಲುಪುಡಿಯ ನೀರು ಹರಿದುಬರುತ್ತದಲ್ಲ, ಅದನ್ನು ಯಾವುದೇ ಕಾರಣಕ್ಕೂ ಹಳಿಯ ಕಡೆ ಬಿಡಬೇಡಿ. ಆ ಕೆಸರು ಜಲ್ಲಿಯ ಸಂದುಗಳಲ್ಲಿ ಸಿಮೆಂಟಿನಂತೆ ಕೂತುಬಿಡುತ್ತದೆ.

ಹರಿಹರ ವೆಲ್ಡಿಂಗ್
ಇಷ್ಟೆಲ್ಲ ಮಾಡುವ ಬದಲು ಉದ್ದಕ್ಕೆ ಎರಡು ಆರ್.ಸಿ.ಸಿ. ಬೀಮು ಹಾಕಿ ಹಳಿ ಕೂರಿಸಿದರೆ ಮುಗಿಯಿತಲ್ಲ? ನಾನು ನೋಡಿದ ಕಾರ್ಖಾನೆಗಳಲ್ಲೆಲ್ಲ ಹಾಗೇ ಇದೆ.

ಎರೆಹೊಲ
ಗಟ್ಟಿ ನೆಲದ ಮೇಲೆ, ಶೆಡ್ಡಿನ ಒಳಗೆ ಅದೇ ಒಳ್ಳೆಯದು, ಒಪ್ಪುತ್ತೇನೆ. ಆದರೆ ಬಯಲಿನಲ್ಲಿ ಎರೆಮಣ್ಣು ಉಬ್ಬಿದಾಗ ಬೀಮು ಬಿರುಕು ಬಿಟ್ಟರೆ ಸರಿಪಡಿಸುವ ದಾರಿಯೇ ಇಲ್ಲ. ಜಲ್ಲಿಯ ಮೇಲಿನ ಹಳಿ ಕುಸಿದರೆ ಜಾಕಿಯಲ್ಲಿ ಎತ್ತಿ ಮತ್ತೆ ಜಲ್ಲಿ ತುಂಬಬಹುದು. ಇದಲ್ಲದೆ ಜಾಗ ಲೀಸಿನದು ಎಂದು ಅವರು ಮೊದಲೇ ಬರೆದಿದ್ದಾರೆ.

ಕ್ರೇನ್ ಆಪರೇಟರ್ (ಹೊಳಲ್ಕೆರೆ)
ಬ್ಲಾಕು ಇಳಿಸುವವನು ನಾನು, ಆದ್ದರಿಂದ ಒಂದು ಮಾತು ಸೇರಿಸುತ್ತೇನೆ. ನಾಲ್ಕು ಚಕ್ರಕ್ಕೆ ಸಮನಾಗಿ ಭಾರ ಹಂಚುತ್ತದೆ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಗಟ್ಟಿ ಚೌಕಟ್ಟಿನ ಟ್ರಾಲಿಯ ಹಳಿ ಒಂದು ಮೂಲೆಯಲ್ಲಿ ಸ್ವಲ್ಪ ತಗ್ಗಿದರೂ ಆ ಚಕ್ರ ಗಾಳಿಯಲ್ಲಿ ನಿಲ್ಲುತ್ತದೆ, ಮೂಲೆಯಿಂದ ಮೂಲೆಗೆ ಎದುರುಬದುರಾದ ಎರಡೇ ಚಕ್ರಗಳು ಇಡೀ ಭಾರ ಹೊರುತ್ತವೆ. ಕಾಲಿನಲ್ಲಿ ಕುಂಟು ಇರುವ ಮಂಚದಂತೆ ಅಲ್ಲಾಡುವ ಟ್ರಾಲಿಗಳನ್ನು ಎಷ್ಟೋ ಕಂಡಿದ್ದೇನೆ. ಅದಲ್ಲದೆ ಬ್ಲಾಕಿನ ಆಕಾರ ಓರೆಕೋರೆ ಇರುತ್ತದೆ, ಅದನ್ನು ನಡುಮಧ್ಯಕ್ಕೇ ಕೂರಿಸಲು ಪ್ರತಿ ಸಲವೂ ಆಗುವುದಿಲ್ಲ. ಎಷ್ಟು ಜಾಗರೂಕನಾಗಿದ್ದರೂ ಕೊನೆಯ ಎರಡು ಅಂಗುಲದಲ್ಲಿ ಧಡ್ ಎಂದು ಕೂರುತ್ತದೆ.

ಸಿವಿಲ್ ಮೇಷ್ಟ್ರು (ದಾವಣಗೆರೆ)
ಇದು ಬಹಳ ಬೆಲೆಯುಳ್ಳ ಮಾತು. ಎರಡೇ ಚಕ್ರ ಹೊತ್ತರೆ ಒಂದಕ್ಕೆ 11 ಟನ್ ಆಗುತ್ತದೆ, ಅದಕ್ಕೆ ತಕ್ಕ ಸ್ಲೀಪರ್ ಮಾಡಹೊರಟರೆ ಕೊಟೇಶನ್ನಿನ ಕಥೆ ಮುಗಿದಂತೆ. ಪರಿಹಾರ ಟ್ರಾಲಿಯಲ್ಲೇ ಇದೆ. ಒಂದು ಅಚ್ಚನ್ನು ಚೌಕಟ್ಟಿಗೆ ಬಿಗಿಯಾಗಿ ಕೂರಿಸಿ, ಇನ್ನೊಂದು ಅಚ್ಚನ್ನು ನಡುವೆ ಒಂದೇ ದಪ್ಪ ಪಿನ್ನಿನ ಮೇಲೆ ತೂಗುವಂತೆ ಮಾಡಿ. ಆಗ ಚೌಕಟ್ಟು ಮೂರು ಬಿಂದುಗಳ ಮೇಲೆ ನಿಲ್ಲುತ್ತದೆ, ಹಳಿ ಏರುಪೇರಾದರೂ ನಾಲ್ಕೂ ಚಕ್ರ ನೆಲ ಬಿಡುವುದಿಲ್ಲ. ಬ್ಲಾಕು ಇಳಿಸುವ ಜಾಗದ 6 ಮೀಟರಿಗೆ ಮಾತ್ರ ಸ್ಲೀಪರುಗಳನ್ನು ಇನ್ನೂ ಹತ್ತಿರ ತನ್ನಿ, ಆದರೆ ಬೀಟರ್ ಆಡುವಷ್ಟು ಸಂದು ಉಳಿಯಲಿ. ಟ್ರಾಲಿಯ ಮೇಲೆ ಮರದ ದಿಮ್ಮಿಗಳನ್ನೂ ಹಾಸಿ.

ಹರಿಹರ ವೆಲ್ಡಿಂಗ್
ಹಳಿಯನ್ನು ವೆಲ್ಡ್ ಮಾಡುವ ಬಗ್ಗೆ ಯಾರೂ ಹೇಳಲಿಲ್ಲ. ಹದಿನೈದು ವರ್ಷಗಳಿಂದ ಗೋದಾಮಿನ ಗೇಟಿನ ಹಳಿಗಳನ್ನು ವೆಲ್ಡ್ ಮಾಡುತ್ತಿದ್ದೇನೆ, ಒಂದೂ ಬಿಟ್ಟಿಲ್ಲ.

ಹಳಿಯ ಹಿರಿಯ (ಚಿಕ್ಕಜಾಜೂರು, ರೈಲ್ವೆ ನಿವೃತ್ತ)
ಗೇಟಿನ ಭಾರ ಬೇರೆ, 22 ಟನ್ ಬೇರೆ. ಹಳಿಯ ಉಕ್ಕು ಚಾನಲ್ಲಿನ ಉಕ್ಕಿನಂಥದ್ದಲ್ಲ, ಅದರಲ್ಲಿ ಇಂಗಾಲ ಎಷ್ಟೋ ಪಟ್ಟು ಹೆಚ್ಚು. ತಣ್ಣಗಿನ ಹಳಿಗೆ ವೆಲ್ಡ್ ತಾಗಿಸಿದರೆ ಕಾದ ಜಾಗ ಥಟ್ಟನೆ ಆರಿ ಗಾಜಿನಂತೆ ಪೆಡಸಾಗುತ್ತದೆ. ಅಲ್ಲಿ ಕೂದಲೆಳೆಯಷ್ಟು ಬಿರುಕು ಹುಟ್ಟಿ, ಚಕ್ರ ಹಾಯ್ದಷ್ಟೂ ಬೆಳೆದು, ಒಂದು ದಿನ ಹಳಿಯ ಪಾದವೇ ತುಂಡಾಗುತ್ತದೆ. ನಾನು ಸೇವೆಯಲ್ಲಿದ್ದಾಗ ಒಂದು ಖಾಸಗಿ ಸೈಡಿಂಗಿನಲ್ಲಿ ಯಾರೋ ಹಳಿಯ ಪಾದಕ್ಕೆ ಗುಬುಟು ವೆಲ್ಡ್ ಮಾಡಿದ್ದರು. ಹಳಿ ಮುರಿದದ್ದು ಸರಿಯಾಗಿ ಆ ಗುಬುಟಿನ ಕೆಳಗೆ. ಅದೃಷ್ಟಕ್ಕೆ ಖಾಲಿ ವ್ಯಾಗನ್ ನಿಂತಿತ್ತು.

ಹಳಿಗೆ ಬೆಂಕಿ ತಾಗಿಸಲೇಬಾರದು. ಚಾನಲ್ಲಿಗೆ ಬೇಕಾದರೆ ವೆಲ್ಡ್ ಮಾಡಿ. ಹಳಿಯ ಪಾದದ ಎರಡೂ ಬದಿಗೆ ತಡೆ ಪಟ್ಟಿಗಳನ್ನು ಚಾನಲ್ಲಿಗೆ ವೆಲ್ಡ್ ಮಾಡಿ, ಮೇಲಿಂದ ಕ್ಲಿಪ್ಪು ಇಟ್ಟು ಬೋಲ್ಟಿನಲ್ಲಿ ಬಿಗಿಯಿರಿ. ರೈಲ್ವೆಯ ತೊಟ್ಟಿ ಸ್ಲೀಪರುಗಳಲ್ಲಿ ಅದೇ ತಗಡನ್ನು ಕತ್ತರಿಸಿ ಎಬ್ಬಿಸಿದ ಕಿವಿಗಳಿದ್ದವು, ಹಳಿಗೂ ಕಿವಿಗೂ ನಡುವೆ ಬೆಣೆಯಾಕಾರದ ಕೀಲಿ ಹೊಡೆಯುತ್ತಿದ್ದೆವು. ಹಳಿ ನೋಡಿಕೊಳ್ಳುವ ಕೀಮ್ಯಾನ್ ದಿನವೂ ಸುತ್ತಿಗೆ ಹಿಡಿದು ನಡೆಯುತ್ತಿದ್ದದ್ದೇ ಆ ಕೀಲಿಗಳಿಗಾಗಿ. ಕಾಲಕ್ರಮೇಣ ಆ ಕಿವಿಯ ಬುಡದ ಮೂಲೆಯಲ್ಲೇ ಬಿರುಕು ಬರುತ್ತಿತ್ತು, ಏಕೆಂದರೆ ಚೂಪಾದ ಮೂಲೆ ಎಲ್ಲಿದೆಯೋ ಅಲ್ಲಿಂದಲೇ ಉಕ್ಕು ಸೀಳುತ್ತದೆ. ಆದ್ದರಿಂದ ನೀವು ಚಾನಲ್ಲಿನಲ್ಲಿ ಕೊರೆಯುವ ರಂಧ್ರ ದುಂಡಗಿರಲಿ, ಡ್ರಿಲ್ ಮಾಡಿದ್ದಾಗಿರಲಿ, ಗ್ಯಾಸ್ ಕಟ್ಟರಿನಲ್ಲಿ ಸುಟ್ಟು ಮಾಡಬೇಡಿ.

ಸಿವಿಲ್ ಮೇಷ್ಟ್ರು (ದಾವಣಗೆರೆ)
ಇದಕ್ಕೆ ಸೇರಿಸುವುದು ಎರಡಿದೆ. ಚಾನಲ್ಲಿನ ಬೆನ್ನಿನ ದಪ್ಪ 6 ಮಿ.ಮೀ. ಮಾತ್ರ, ಹಳಿಯ ಪಾದ ನೇರವಾಗಿ ಕೂತರೆ ಅದು ಅಲ್ಲೇ ತಗ್ಗುತ್ತದೆ. 12 ಮಿ.ಮೀ. ದಪ್ಪದ ಪ್ಲೇಟನ್ನು ಕಾಲುಗಳ ಮೇಲಿನವರೆಗೂ ತಲುಪುವ ಅಗಲಕ್ಕೆ ಕತ್ತರಿಸಿ ಹಳಿಯ ಕೆಳಗೆ ಕೂರಿಸಿ. ಎರಡನೆಯದು ವೆಲ್ಡಿನ ಜಾಗ. ಭಾರ ಬಿದ್ದಾಗ ಹಳಿಯ ಕೆಳಗೆ ಚಾನಲ್ಲಿನ ಕಾಲುಗಳ ತುದಿ ಎಳೆತಕ್ಕೆ ಸಿಗುತ್ತದೆ, ಬೆನ್ನು ಒತ್ತಿಕೊಳ್ಳುತ್ತದೆ. ಎರಡು ಹಳಿಗಳ ನಡುಮಧ್ಯದಲ್ಲಿ ಇದು ತಿರುವುಮುರುವಾಗಿ ಬೆನ್ನು ಎಳೆತಕ್ಕೆ ಸಿಗುತ್ತದೆ. ಆದ್ದರಿಂದ ಪ್ಲೇಟಿನ ವೆಲ್ಡು ಬೆನ್ನಿನ ಮೇಲೆ ಇರುವುದು ಸುರಕ್ಷಿತ, ಆದರೆ ಹಳಿಯ ಕೆಳಗಿನ ಕಾಲಿನ ಅಂಚಿಗೂ ನಡುಮಧ್ಯದ ಬೆನ್ನಿಗೂ ವೆಲ್ಡು, ರಂಧ್ರ, ಕೊರೆತ ಯಾವುದೂ ಬೇಡ. ಎರಡೂ ತುದಿಗೆ 6 ಮಿ.ಮೀ. ತಗಡು ಮುಚ್ಚಿ. ಅದು ಒಳಗಿನ ಜಲ್ಲಿ ಹೊರಗೆ ಸುರಿಯದಂತೆ ತಡೆಯುವುದಲ್ಲದೆ, ಹಳಿ ಪಕ್ಕಕ್ಕೆ ಸರಿಯದಂತೆ ಜಲ್ಲಿಯನ್ನು ಕಚ್ಚಿ ಹಿಡಿಯುತ್ತದೆ.

ಹರಿಹರ ವೆಲ್ಡಿಂಗ್
ಹಿರಿಯರು ಹೇಳಿದ ಮುರಿತವನ್ನು ಓದಿದ ಮೇಲೆ ನನ್ನ ಮಾತು ಬಿಟ್ಟುಕೊಡುತ್ತೇನೆ. ಒಂದು ಸಲಹೆ: ಚಾನಲ್ಲಿನ ಹೊಟ್ಟೆಗೆ ಮೊದಲೇ ಕಾಂಕ್ರೀಟ್ ತುಂಬಿ ಒಣಗಿಸಿಬಿಟ್ಟರೆ ಟೊಳ್ಳಿನ ಚಿಂತೆಯೇ ಇರುವುದಿಲ್ಲವಲ್ಲ?

ಹಳಿಯ ಹಿರಿಯ (ಚಿಕ್ಕಜಾಜೂರು, ರೈಲ್ವೆ ನಿವೃತ್ತ)
ನಡುಕಕ್ಕೆ ಕಾಂಕ್ರೀಟು ಉಕ್ಕಿನಿಂದ ಬಿಟ್ಟುಕೊಳ್ಳುತ್ತದೆ, ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಒಳಗೆ ಕಬ್ಬಿಣದ ಸರಳಿನ ತುಂಡುಗಳನ್ನು ವೆಲ್ಡ್ ಮಾಡಿ ಹಿಡಿತ ಕೊಟ್ಟರೆ ನಿಲ್ಲಬಹುದು, ಆದರೆ ಆಗ ನುಣುಪಾದ ತಳ ಜಲ್ಲಿಯ ಮೇಲೆ ಜಾರುತ್ತದೆ. ಹೊಟ್ಟೆಯೊಳಗೆ ಜಲ್ಲಿ ಕಚ್ಚಿಕೊಳ್ಳುವುದೇ ತೊಟ್ಟಿ ಸ್ಲೀಪರಿನ ಗುಣ, ಅದನ್ನು ಕಳೆದುಕೊಳ್ಳಬೇಡಿ.

ಎರೆಹೊಲ
ಹಿರಿಯರೇ, ಉಕ್ಕಿನ ಸ್ಲೀಪರು ಅಷ್ಟು ವರ್ಷ ಬಾಳಿತ್ತು ಎಂದರೆ ರೈಲ್ವೆಯವರು ಕೈಬಿಟ್ಟದ್ದು ಏಕೆ? ಈಗ ಎಲ್ಲಿ ನೋಡಿದರೂ ಕಾಂಕ್ರೀಟ್ ಸ್ಲೀಪರುಗಳೇ ಕಾಣುತ್ತವೆ.

ಹಳಿಯ ಹಿರಿಯ (ಚಿಕ್ಕಜಾಜೂರು, ರೈಲ್ವೆ ನಿವೃತ್ತ)
ಒಳ್ಳೆಯ ಪ್ರಶ್ನೆ ತಾಯಿ. ಮುಖ್ಯ ಕಾರಣ ತೂಕ. ಈಗಿನ ಹಳಿಗಳನ್ನು ಕಿಲೋಮೀಟರುಗಟ್ಟಲೆ ಒಂದೇ ಉದ್ದಕ್ಕೆ ಬೆಸೆಯುತ್ತಾರೆ. ಹಿಗ್ಗಲು ಜಾಗವಿಲ್ಲದ, ಮೀಟರಿಗೆ 60 ಕಿಲೋ ತೂಗುವ ಹಳಿಯಲ್ಲಿ ತಾಪ 10 ಡಿಗ್ರಿ ಏರಿದರೆ ಸಾಕು, ಒಂದು ಹಳಿಯೊಳಗೆ 19 ಟನ್ನಿನಷ್ಟು ಒತ್ತುಬಲ ಹುಟ್ಟುತ್ತದೆ. ಆ ಬಲ ಹಳಿಯನ್ನು ಪಕ್ಕಕ್ಕೆ ಸೊಟ್ಟಗೆ ಚಿಮ್ಮಿಸದಂತೆ ಹಿಡಿಯಲು ಭಾರವಾದ ಸ್ಲೀಪರು ಬೇಕು. ಬ್ರಾಡ್‌ಗೇಜಿನ ಉಕ್ಕಿನ ತೊಟ್ಟಿ ಸುಮಾರು 80 ಕಿಲೋ ತೂಗುತ್ತಿತ್ತು, ಸಿ.ಎಸ್.ಟಿ.-9 ಎಂಬ ಎರಕದ ಕಬ್ಬಿಣದ ಸ್ಲೀಪರು, ಎರಡು ಬಟ್ಟಲುಗಳನ್ನು ಒಂದು ಪಟ್ಟಿ ಜೋಡಿಸಿದ್ದು, ನೂರು ಕಿಲೋ ಆಸುಪಾಸು. ಕಾಂಕ್ರೀಟಿನದು 250 ಕಿಲೋ ಮೀರುತ್ತದೆ. ಇನ್ನೊಂದು ಕಾರಣ ಸಿಗ್ನಲ್. ಗಾಡಿ ಎಲ್ಲಿದೆ ಎಂದು ತಿಳಿಯಲು ಹಳಿಗಳಲ್ಲೇ ವಿದ್ಯುತ್ ಹರಿಸುತ್ತಾರೆ, ಉಕ್ಕಿನ ಸ್ಲೀಪರು ಎರಡು ಹಳಿಗಳನ್ನೂ ಕೂಡಿಸಿಬಿಡುತ್ತದೆ. ಆದರೆ ಗರ್ಡರ್ ಸೇತುವೆಗಳ ಮೇಲೆ ಜಲ್ಲಿ ಇರುವುದಿಲ್ಲವಲ್ಲ, ಅಲ್ಲಿ ಮರದ ಬದಲಿಗೆ ಉಕ್ಕಿನ ಚಾನಲ್ ಸ್ಲೀಪರುಗಳೇ ಬಂದವು. ಈ ಟ್ರಾಲಿ ಹಳಿಗೆ ಸಿಗ್ನಲ್ಲೂ ಇಲ್ಲ, ಉದ್ದದ ಬೆಸುಗೆಯೂ ಇಲ್ಲ, ಆದ್ದರಿಂದ ಉಕ್ಕು ತಪ್ಪಲ್ಲ.

ಕೋಟೆನಾಡು ಫ್ಯಾಬ್ರಿಕೇಟರ್ (ಚಿತ್ರದುರ್ಗ)
ಎಲ್ಲರಿಗೂ ಋಣಿ. ಘಟಕದವರ ಮುಂದೆ ಈ ಲೆಕ್ಕಗಳನ್ನೆಲ್ಲ ಇಟ್ಟು ಮಾತಾಡಿದೆ, ಹೆಚ್ಚುವರಿ ಒಂದು ಟನ್ನಿಗೆ ಒಪ್ಪಿದರು. 200 ಚಾನಲ್, 12 ಮಿ.ಮೀ. ಪ್ಲೇಟು, ಬೋಲ್ಟಿನ ಕ್ಲಿಪ್ಪು, ತುದಿ ಮುಚ್ಚಿದ್ದು, ಹೀಗೆ ಮೊದಲ 12 ಮೀಟರ್ ಹಾಕಿ, ಗರಸು ಮತ್ತು ಜಲ್ಲಿ ತುಂಬಿಸಿ, ಭಾರ ಹೇರಿದ ಟ್ರಾಲಿಯನ್ನು ನಿನ್ನೆ ಓಡಿಸಿ ನೋಡಿದೆವು. ಪಕ್ಕದಲ್ಲಿ ಗೂಟ ನೆಟ್ಟು ದಾರ ಕಟ್ಟಿ ಅಳೆದಾಗ ಬಹುತೇಕ ಸ್ಲೀಪರುಗಳು 3ರಿಂದ 4 ಮಿ.ಮೀ. ತಗ್ಗಿ ಮತ್ತೆ ಮೇಲೆದ್ದವು. ಒಂದು ಮಾತ್ರ 11 ಮಿ.ಮೀ. ತಗ್ಗಿತು. ಹಿರಿಯರು ಹೇಳಿದ ಹಾಗೆ ಕೋಲಿನಿಂದ ಕುಟ್ಟಿ ನೋಡಿದರೆ ಅದೊಂದೇ ಟೊಳ್ಳು ಸದ್ದು ಕೊಟ್ಟಿತು. ಬಿಚ್ಚಿದಾಗ ಹೊಟ್ಟೆಯ ನಡುವೆ ಮಾತ್ರ ಜಲ್ಲಿ ತುಂಬಿತ್ತು, ಹಳಿಗಳ ಕೆಳಗೆ ಖಾಲಿ.

ಹಳಿಯ ಹಿರಿಯ (ಚಿಕ್ಕಜಾಜೂರು, ರೈಲ್ವೆ ನಿವೃತ್ತ)
ನಡುವೆ ತುಂಬಿ ಹಳಿಯ ಕೆಳಗೆ ಖಾಲಿ ಬಿಡುವುದು ಅತ್ಯಂತ ಕೆಟ್ಟದ್ದು, ಸ್ಲೀಪರು ತಕ್ಕಡಿಯಂತೆ ನಡುವಿನ ಮೇಲೆ ತೂಗಿ ಮುರಿಯುತ್ತದೆ. ಹಳಿಯ ಎರಡೂ ಬದಿಗೆ ಒಂದೊಂದು ಅಡಿ ಗಟ್ಟಿಯಾಗಿ ಬೀಟರ್ ಹಾಕಿಸಿ, ನಡುವೆ ಸಡಿಲವಾಗಿಯೇ ಬಿಡಿ. ಹತ್ತು ಸಲ ಟ್ರಾಲಿ ಓಡಿದ ಮೇಲೆ ಮತ್ತೊಮ್ಮೆ, ಮೊದಲ ಮಳೆ ಬಿದ್ದ ಮೇಲೆ ಇನ್ನೊಮ್ಮೆ ಕುಟ್ಟಿ ನೋಡಿ ತುಂಬಿಸಿ. ಹಳಿಗಳ ಕೂಡು ಎಲ್ಲೆಲ್ಲಿ ಬರುತ್ತದೆ?

ಕೋಟೆನಾಡು ಫ್ಯಾಬ್ರಿಕೇಟರ್ (ಚಿತ್ರದುರ್ಗ)
12 ಮೀಟರಿಗೊಂದು. ಫಿಶ್ ಪ್ಲೇಟು (ಎರಡು ಹಳಿಗಳ ತುದಿ ಜೋಡಿಸುವ ಪಟ್ಟಿ) ಹಾಕಿ ಬೋಲ್ಟ್ ಮಾಡುತ್ತೇನೆ. ಕೂಡಿನ ಕೆಳಗೇ ಒಂದು ಸ್ಲೀಪರ್ ಬರುವಂತೆ ಇಡಲೇ?

ಹಳಿಯ ಹಿರಿಯ (ಚಿಕ್ಕಜಾಜೂರು, ರೈಲ್ವೆ ನಿವೃತ್ತ)
ಬೇಡ. ಕೂಡು ಎರಡು ಸ್ಲೀಪರುಗಳ ನಡುವೆ ಇರಲಿ, ಆ ಎರಡನ್ನು ಮಾತ್ರ 300 ಮಿ.ಮೀ. ಆಸುಪಾಸಿಗೆ ಹತ್ತಿರ ತನ್ನಿ. ಅಲ್ಲಿ ನಡುವಿನ ಸಂದಿನಲ್ಲಿ ಬೀಟರ್ ಆಡದು, ಹೊರಬದಿಯಿಂದಲೇ ಒಳಕ್ಕೆ ತುಂಬಿಸಬೇಕು. 12 ಮೀಟರ್ ಹಳಿ 30 ಡಿಗ್ರಿ ಏರಿಳಿತಕ್ಕೆ ಸುಮಾರು 4 ಮಿ.ಮೀ. ಹಿಗ್ಗುತ್ತದೆ. ಬೆಳಗಿನ ತಂಪಿನಲ್ಲಿ ಜೋಡಿಸುವುದಾದರೆ ನಡುವೆ 5 ಮಿ.ಮೀ. ತಗಡಿನ ತುಂಡು ಇಟ್ಟು ಬೋಲ್ಟ್ ಬಿಗಿದು, ಆಮೇಲೆ ತಗಡು ತೆಗೆಯಿರಿ.